ಆಮೆಗೆ ಹೊದಿಸಿದ ಕಂಬಳಿ

ಅವರೆಕಾಯಿಯ ಸೊಗಡಿಗೆ ನಮ್ಮ ಆಮೆ ಎದ್ದು ಬರಲಿಲ್ಲ. ಏನೋ ಸರಿಯಿಲ್ಲ ಎಂದು ನನಗೆ ಗಟ್ಟಿಯಾಗಿ ಅನ್ನಿಸಿದ್ದು ಆವತ್ತು.

ಪ್ರತಿ ವರ್ಷ ಧನುರ್ಮಾಸದ ಹೊತ್ತಿಗೆ ಕೊಡಿಗೇಹಳ್ಳಿಯ ನಮ್ಮ ಮನೆಯ ಹಿತ್ತಲಲ್ಲಿ ಅತ್ತೆ ಚಾಪೆ ಹಾಸಿಕೊಂಡು ಕೂರುತ್ತಾರೆ. ಎದುರಿಗೆ ಮೊರ, ಪಕ್ಕದಲ್ಲಿ ಅವರೆಕಾಯಿ ರಾಶಿ. ನಾಲ್ಕು ಕಾಯಿ ಸುಲಿಯುವಷ್ಟರಲ್ಲಿ ಒಗೆಯುವ ಕಲ್ಲಿನ ಹಿಂದಿನಿಂದ ಆಮೆ ಹೊರಡುತ್ತಿತ್ತು. ಆಮೆ ನಿಧಾನ ಎಂದು ಹೆಸರಿಟ್ಟವರು ಅವರೆಕಾಯಿ ಕಂಡ ಆಮೆಯನ್ನು ನೋಡಿರಲಿಕ್ಕಿಲ್ಲ. ಬಂದದ್ದೇ ಮೊರದ ಅಂಚಿಗೆ ತಲೆ ತಾಗಿಸಿ ನಿಲ್ಲುವುದು. ಅತ್ತೆ ಬೈಯುವುದು: "ಬಂದಾ ಯಜಮಾನ! ನಿಮ್ಮಪ್ಪ ತಂದ್ ಆಕವ್ನಾ ಇಲ್ಲಿ?" ಬೈದಾದ ಮೇಲೆ ಒಂದು ಸಿಪ್ಪೆ ಎಸೆಯುವುದು. ಇದು ಅವರಿಬ್ಬರ ನಡುವಿನ ಪದ್ಧತಿ, ಅದರಲ್ಲಿ ನಾವು ಯಾರೂ ತಲೆ ಹಾಕುತ್ತಿರಲಿಲ್ಲ.

ಆವತ್ತು ಸಿಪ್ಪೆಯ ರಾಶಿ ಚಾಪೆಯಿಂದಾಚೆ ಚೆಲ್ಲುವಷ್ಟಾಯಿತು, ಯಜಮಾನ ಬರಲಿಲ್ಲ. ನಾನು ಎದ್ದು ಹೋಗಿ ನೋಡಿದೆ. ತುಳಸಿಕಟ್ಟೆಯ ಪಕ್ಕ, ಗೋಡೆಗೆ ಮುಖ ಮಾಡಿಕೊಂಡು ಬಿದ್ದಿತ್ತು. ನಿದ್ದೆ ಮಾಡುವ ಆಮೆ ತಲೆ, ಕಾಲು ಎಲ್ಲವನ್ನೂ ಒಳಗೆ ಎಳೆದುಕೊಂಡು ಅಚ್ಚುಕಟ್ಟಾಗಿ ಮಲಗುತ್ತದೆ. ಇದರ ಕತ್ತು ಅರ್ಧ ಹೊರಗೆ, ಕಾಲು ಅರ್ಧ ಹೊರಗೆ. ಅಂಗಡಿಯ ಷಟರ್ ಅರ್ಧಕ್ಕೆ ಎಳೆದು ಮಾಲೀಕ ಎಲ್ಲೋ ಹೋದ ಹಾಗಿತ್ತು. ಬೆರಳಿನಿಂದ ಮುಂಗಾಲು ಮುಟ್ಟಿದೆ. ಮಾಮೂಲಿಯಾದರೆ 'ಸ್ಸ್' ಎಂದು ಉಸಿರು ಬಿಟ್ಟು ಥಟ್ಟನೆ ಕಾಲು ಎಳೆದುಕೊಳ್ಳಬೇಕು. ಅದು ಒದ್ದೆ ಬಟ್ಟೆ ಎಳೆದ ಹಾಗೆ ಕಾಲನ್ನು ಒಂಚೂರು ಸರಿಸಿ ಸುಮ್ಮನಾಯಿತು. ಒಂದು ಕಣ್ಣು ಮಾತ್ರ ತೆರೆಯಿತು, ಅದೂ ಪೂರ್ತಿಯಲ್ಲ.

ಬರೆಯುವಾಗ 'ಅದು' ಎನ್ನುತ್ತಿದ್ದೇನೆ. ಮನೆಯಲ್ಲಿ ಯಾರೂ ಹಾಗೆನ್ನುವುದಿಲ್ಲ. ಅತ್ತೆಗೆ ಅವನು 'ಮಗಾ', ನನ್ನ ಯಜಮಾನರಿಗೆ 'ಸಾಹೇಬ್ರು'. ನಮ್ಮ ಮಹಡಿಯಲ್ಲಿ ಬಾಡಿಗೆಗಿದ್ದ ಗಂಡ ಹೆಂಡತಿ ಊರು ಬಿಡುವಾಗ "ಒಂದೇ ಒಂದು ವಾರ ಇಟ್ಕೊಂಡಿರಿ ಆಂಟಿ, ಮನೆ ಸೆಟಲ್ ಆದ ತಕ್ಷಣ ಬಂದು ತಗೊಂಡ್ಹೋಗ್ತೀವಿ" ಎಂದು ಕೈಗಿಟ್ಟು ಹೋದದ್ದು. ಆ ವಾರ ಇನ್ನೂ ಮುಗಿದಿಲ್ಲ. ಆಫ್ರಿಕಾ ಕಡೆಯ ಜಾತಿಯಂತೆ. ನಮ್ಮ ಕಾಡಿನ ಆಮೆಗಳನ್ನು ಮನೆಯಲ್ಲಿ ಸಾಕುವಂತಿಲ್ಲ, ಇದಕ್ಕೆ ಬೇಕಾದ ಕಾಗದಪತ್ರವೆಲ್ಲ ಸರಿಯಾಗಿದೆ ಎಂದು ಅವರೇ ತೋರಿಸಿ ಕೊಟ್ಟರು. ಬಂದಾಗ ಬೇಕರಿಯ ಬನ್ನಿನಷ್ಟಿದ್ದ. ಈಗ ರೊಟ್ಟಿ ಹೆಂಚನ್ನು ಬೋರಲು ಹಾಕಿದಷ್ಟಾಗಿದ್ದಾನೆ, ಎರಡೂ ಕೈ ಹಾಕಿ ಎತ್ತಬೇಕು.

ಅವನು ಬಂದದ್ದು ನಮ್ಮ ಪುಣ್ಯ ಎಂದು ನಾನು ಒಳಗೊಳಗೇ ಅಂದುಕೊಂಡಿದ್ದೆ. ಕೊಡಿಗೇಹಳ್ಳಿ ಹಳ್ಳಿಯಾಗಿದ್ದಾಗ ಅತ್ತೆ ಹಸು ಕಟ್ಟಿದ್ದವರು. ಈಗ ಮಹಡಿ ಮೆಟ್ಟಿಲು ಇರುವ ಜಾಗದಲ್ಲೇ ಕೊಟ್ಟಿಗೆ ಇದ್ದದ್ದು. ಮನೆ ಹೊಸದಾಗಿ ಕಟ್ಟಿದಾಗ ಹಸುಗಳು ಹೋದವು, ಅತ್ತೆಯ ಕೈಗಳು ಮಾತ್ರ ಕೆಲಸ ಹುಡುಕುತ್ತಲೇ ಉಳಿದವು. ಆಮೆ ಬಂದ ಮೇಲೆ ಬೆಳಗಾಗುತ್ತಲೇ ಚೀಲ ಹಿಡಿದು ಹೊರಡತೊಡಗಿದರು. ನಮ್ಮ ಬೀದಿಯಲ್ಲಿ ಹೆಂಗಸರು ಬಿಳಿ ಶೂ ಹಾಕಿಕೊಂಡು ವಾಕಿಂಗ್ ಹೋದರೆ, ಅತ್ತೆ ಕಾಲೆಳೆಯುತ್ತ ಖಾಲಿ ಸೈಟಿಗೆ ಹೋಗಿ ಗರಿಕೆ ಕಿತ್ತು, ದಾರಿಯಲ್ಲಿ ಯಾರದೋ ಕಾಂಪೌಂಡಿನಾಚೆ ಬಾಗಿದ ದಾಸವಾಳದ ಎಲೆ ಮುರಿದುಕೊಂಡು ಬರುತ್ತಿದ್ದರು. "ಕದಿಯಾದು ಅನ್ಬೇಡ. ಮೇವಿಗೆ ಕಳ್ಳತನ ಇಲ್ಲ" ಎಂದು ನನಗೇ ಪಾಠ.

ಅವನು ಗೋಡೆಗೆ ಮುಖ ಮಾಡಿದ್ದನ್ನು ಹೇಳಿದ್ದೇ ತಡ, ಅತ್ತೆ ಮೊರ ಪಕ್ಕಕ್ಕಿಟ್ಟು ಎದ್ದರು. ಮೂಗು ಮುಟ್ಟಿದರು. ಎತ್ತಿ ಬಾಲದ ಹತ್ತಿರ ನೋಡಿದರು. ಹಿತ್ತಲನ್ನೆಲ್ಲ ಒಂದು ಸುತ್ತು ಕಣ್ಣಾಡಿಸಿ ಬಂದರು.

"ಸಗಣಿ ಆಕಿಲ್ಲ ಕಣಮ್ಮಿ. ನೆನ್ನೆದೂ ಇಲ್ಲ, ಮೊನ್ನೆದೂ ಇಲ್ಲ. ಆ ಮೂಲೆಲಿ ಗರ್ಕೆ ಅಂಗಂಗೇ ಒಣಗೈತೆ ನೋಡು."

ನಾನು ಕಿಟಕಿಯ ಪಕ್ಕ ಹೊಲಿಗೆ ಮೆಷಿನ್ ಹಾಕಿಕೊಂಡು ಬ್ಲೌಸು, ಫಾಲ್ಸಿನ ಕೆಲಸ ಮಾಡುವವಳು. ಹಿತ್ತಲು ಇಡೀ ದಿನ ನನ್ನ ಕಣ್ಣೆದುರಿಗೇ ಇರುತ್ತದೆ. ಕೂತು ಯೋಚಿಸಿದರೆ ಅದು ಒಂದೇ ದಿನದಲ್ಲಿ ಆದದ್ದಲ್ಲ. ಹಾಲಿನವನು ಬರುವ ಹೊತ್ತಿಗೆ ಹೊರಗೆ ಬರುತ್ತಿದ್ದವನು ಬರಬರುತ್ತಾ ಹತ್ತು ಗಂಟೆಗೆ, ಆಮೇಲೆ ಮಧ್ಯಾಹ್ನಕ್ಕೆ ಬರತೊಡಗಿದ್ದ. ಬಂದರೂ ನಾಲ್ಕು ಹೆಜ್ಜೆ ಇಟ್ಟು ನಿಂತುಬಿಡುತ್ತಿದ್ದ. ಚಳಿಗೆ ನಮಗೇ ಏಳಲು ಮನಸ್ಸಿಲ್ಲ, ಪಾಪ ಅದಕ್ಕೇನು ಎಂದು ನಾನು ಸೂಜಿಗೆ ದಾರ ಪೋಣಿಸುತ್ತ ಕೂತಿದ್ದೆ.

ಸಂಜೆ ಯಜಮಾನರು ಬಂದು ಮೊಬೈಲು ತೆಗೆದರು. ಸ್ವಲ್ಪ ಹೊತ್ತು ಓದಿ, ಮುಖ ಅರಳಿಸಿಕೊಂಡು ತೀರ್ಪು ಕೊಟ್ಟರು: "ಗಾಬರಿ ಬೀಳೋಂಥದ್ದು ಏನಿಲ್ಲ ಕಣೇ. ಚಳಿಗಾಲದಲ್ಲಿ ಆಮೆಗಳು ತಿಂಗಳುಗಟ್ಟಲೆ ನಿದ್ದೆ ಹೊಡೀತಾವಂತೆ. ಎಬ್ಬಿಸಬಾರದು ಅಂತ ಬರ್ದಿದಾರೆ. ಸಾಹೇಬ್ರು ರಜಾ ಹಾಕಿದಾರೆ ಅಷ್ಟೇ."

"ಓದ್ ವರ್ಸ ಚಳಿ ಇರ್ಲಿಲ್ವೇನೋ?" ಎಂದರು ಅತ್ತೆ. "ಆಗ್ಯಾಕ್ ಆಕಿರ್ಲಿಲ್ಲ ರಜಾ?"

ಯಜಮಾನರು ಮೊಬೈಲನ್ನು ಮೇಲೆ ಕೆಳಗೆ ಸರಿಸಿ ಹುಡುಕಿದರು.

ಅತ್ತೆ ಒಳಗೆ ಹೋಗಿ ಟ್ರಂಕಿನಿಂದ ಕರೀ ಕಂಬಳಿ ತಂದರು. ನಮ್ಮ ಮಾವನವರದು, ಈಗಲೂ ಕುರಿಯ ವಾಸನೆ ಬರುವಂಥದ್ದು. ಮಂಜು ಬೀಳುವ ಕಾಲದಲ್ಲಿ ಎಳೆಗರುಗಳಿಗೆ ಗೋಣಿಚೀಲ ಹೊದಿಸಿ ಹೊಟ್ಟೆಯ ಕೆಳಗೆ ಸೆಣಬಿನ ದಾರ ಕಟ್ಟುತ್ತಿದ್ದ ಕೈ ಅದು. ಆಮೆಯನ್ನು ವರಾಂಡದ ಮೂಲೆಗೆ ತಂದು ಕಂಬಳಿಯಲ್ಲಿ ಎರಡು ಸುತ್ತು ಸುತ್ತಿದರು, ಉಸಿರಾಡಲು ಮುಂದೆ ಒಂದಿಷ್ಟು ಸಂದು ಬಿಟ್ಟರು. "ಬೆಚ್ಗೆ ಇರು ಮಗಾ. ಕರು ಆದ್ರೆ ಬೆಳಿಗ್ಗೆಗೆ ಎದ್ ನೆಗೀತದೆ, ನೀನು ಎದ್ರೆ ಸಾಕು."

ಅವನು ಮಾರನೆಯ ಬೆಳಿಗ್ಗೆ ಏಳಲಿಲ್ಲ. ಅತ್ತೆ ಗಳಿಗೆಗೊಮ್ಮೆ ಕಂಬಳಿಯ ಅಂಚೆತ್ತಿ ನೋಡುವುದು, ಮತ್ತೆ ಬಿಗಿಯಾಗಿ ಹೊದಿಸುವುದು. ಬಾಳೆಹಣ್ಣಿಗೆ ಬೆಲ್ಲ ಕಲಸಿ ಬಾಯಿಗೆ ಒತ್ತಿದರು. ಅದು ತುಟಿಯ ಅಂಚಿಗೆ ಮೆತ್ತಿಕೊಂಡು ಒಣಗಿತು. ಯಜಮಾನರು "ಎಬ್ಬಿಸ್ಬೇಡ ಕಣಮ್ಮ" ಎಂದು ಒಂದು ಕಡೆಯಿಂದ, ಅತ್ತೆ "ಎದ್ದೇಳೋ" ಎಂದು ಇನ್ನೊಂದು ಕಡೆಯಿಂದ. ಅದರ ಮರುದಿನ ಅತ್ತೆ ಚೀಲ ಹಿಡಿದು ಹೊರಡಲಿಲ್ಲ. ಚೀಲ ಮೊಳೆಗೆ ನೇತಾಡುತ್ತಿತ್ತು.

"ಅತ್ತೆ, ಇವತ್ತು ಹುಲ್ಲಿಗೆ ಹೋಗ್ಲಿಲ್ವಾ?"

"ತಿನ್ನೋನ್ ಮನಗವ್ನೆ. ಯಾರ್ಗ್ ಕಿತ್ಕೊಂಡ್ ಬರ್ಲಿ?"

ಮಧ್ಯಾಹ್ನ ಹಿದಕಿದವರೆ ಸಾರು ಮಾಡಿದ್ದೆ. ವರ್ಷವಿಡೀ ಕಾಯ್ದು ತಿನ್ನುವ ಸಾರು. ಅತ್ತೆ ಅರ್ಧ ಮುದ್ದೆ ತಟ್ಟೆಯಲ್ಲೇ ಬಿಟ್ಟು ಕೈ ತೊಳೆದರು. ಗೋಡೆಗೆ ಒರಗಿ, ಮೊಣಕಾಲು ಎದೆಗೆ ಸೇರಿಸಿಕೊಂಡು, ಕಣ್ಣು ಅರ್ಧ ಮುಚ್ಚಿ ಕೂತರು. ನಾನು ತಲೆಯೆತ್ತಿ ನೋಡಿದೆ. ವರಾಂಡದ ಈ ಮೂಲೆಯಲ್ಲೊಂದು, ಆ ಮೂಲೆಯಲ್ಲೊಂದು, ಎರಡೂ ಒಂದೇ ಥರ ಮುದುಡಿಕೊಂಡು ಕೂತಿವೆ. ಕೈಯಲ್ಲಿದ್ದ ಬ್ಲೌಸನ್ನು ಅಲ್ಲೇ ಮಡಿಸಿಟ್ಟೆ.

"ಏಳಿ ಅತ್ತೆ, ಡಾಕ್ಟ್ರ ಹತ್ರ ಹೋಗೋಣ."

"ಆಮೆಗೂ ಡಾಕ್ಟ್ರು ಅವ್ರಾ?"

ಇದ್ದರು. ಹೆಬ್ಬಾಳದ ಕಡೆ ನಾಯಿ, ಬೆಕ್ಕಿನ ಜೊತೆ ಗಿಳಿ, ಮೊಲ, ಆಮೆಗಳನ್ನೂ ನೋಡುವ ಡಾಕ್ಟರಮ್ಮ ಒಬ್ಬರಿದ್ದಾರೆ ಎಂದು ನನ್ನ ಹತ್ತಿರ ಹೊಲಿಸುವವರೊಬ್ಬರು ಹೇಳಿದ್ದು ನೆನಪಿತ್ತು. ಫೋನ್ ಮಾಡಿದೆ, ಬನ್ನಿ ಎಂದರು. ಬಟ್ಟೆ ಬುಟ್ಟಿಯಲ್ಲಿ ಆಮೆ, ಆಮೆಯ ಸುತ್ತ ಕಂಬಳಿ, ಬುಟ್ಟಿಯನ್ನು ತೊಡೆಯ ಮೇಲಿಟ್ಟುಕೊಂಡು ಆಟೋದಲ್ಲಿ ಅತ್ತೆ.

ಆಟೋದವನು ಕನ್ನಡಿಯಲ್ಲಿ ನೋಡಿದ. "ಏನಜ್ಜಿ ಅದು, ಮಗೂನಾ? ಮುಖಾನೇ ಕಾಣಲ್ವಲ್ಲ."

"ಮಗೂನೇಯ. ಉಸಾರಿಲ್ಲ. ನೀನು ಮುಂದ್ ನೋಡ್ಕಂಡ್ ಓಡ್ಸು."

ಹೆಬ್ಬಾಳದ ಮೇಲ್ಸೇತುವೆಯ ಹತ್ತಿರ ಎಂದಿನಂತೆ ಎಲ್ಲ ನಿಂತಿತ್ತು. ಹೊಗೆ, ಹಾರ್ನು. ಅಷ್ಟರಲ್ಲಿ ಕಂಬಳಿ ಜಾರಿ ಚಿಪ್ಪು ಕಂಡಿತು. ಆಟೋದವನು ಪೂರ್ತಿ ತಿರುಗಿದ. "ಅಯ್ಯೋ, ಆಮೆ! ಮೊದ್ಲೇ ಹೇಳ್ಬಾರ್ದಾ ಅಜ್ಜಿ? ಈ ಟ್ರಾಫಿಕ್ಕಲ್ಲಿ ಅದನ್ನ ಕೆಳಗ್ ಬಿಟ್ಟಿದ್ರೆ ಇಷ್ಟೊತ್ತಿಗೆ ತಾನೇ ನಡ್ಕೊಂಡ್ ಹೋಗಿ ಟೋಕನ್ ತಗೊಂಡಿರ್ತಿತ್ತು!"

ಬೇರೆ ದಿನವಾಗಿದ್ದರೆ ಅತ್ತೆ ಇದಕ್ಕೆ ಎರಡರಷ್ಟು ತಿರುಗೇಟು ಕೊಡುತ್ತಿದ್ದರು. ಆವತ್ತು ಕಂಬಳಿ ಸರಿ ಮಾಡಿಕೊಂಡರು, ಅಷ್ಟೇ.

ಡಾಕ್ಟರಮ್ಮ ಚಿಕ್ಕ ವಯಸ್ಸಿನವರು, ಮಾತು ಮೆತ್ತಗೆ. ಆಮೆಯನ್ನು ತೂಕಕ್ಕಿಟ್ಟರು. ಬಾಯಿ ಬಿಡಿಸಿ ನೋಡಿದರು, ಮೂಗಿನಲ್ಲಿ ಗುಳ್ಳೆ ಬರುತ್ತಿದೆಯೇ ನೋಡಿದರು, ಅವನನ್ನು ಕಿವಿಯ ಹತ್ತಿರ ಹಿಡಿದು ಉಸಿರಿನ ಸದ್ದು ಕೇಳಿದರು. ಆಮೇಲೆ ಕಂಬಳಿಯನ್ನು ಕೈಗೆತ್ತಿಕೊಂಡು "ಇದನ್ನ ಯಾವಾಗಿಂದ ಹೊದ್ಸಿದೀರ?" ಎಂದರು.

"ಬುಟ್ಟೇ ಇಲ್ಲ ಕಣವ್ವ. ಅಗ್ಲೂ ರಾತ್ರಿ ಒದ್ಸೇ ಇವ್ನಿ" ಎಂದರು ಅತ್ತೆ, ಇಷ್ಟಾದರೂ ತಪ್ಪದೆ ಮಾಡಿದ್ದೇನೆ ಎಂಬ ಧೈರ್ಯದಲ್ಲಿ.

"ಹಾಗಾದ್ರೆ ಒಳಗೆ ಕೈ ಇಟ್ಟು ನೋಡಿ ಅಜ್ಜಿ. ಹೊಟ್ಟೆ ಹತ್ರ."

ಅತ್ತೆ ಕೈಯಿಟ್ಟರು. ತೆಗೆದು, ಸೆರಗಿಗೆ ಒರೆಸಿಕೊಂಡು, ಮತ್ತೆ ಇಟ್ಟರು. "ತಣ್ಗೈತೆ."

"ಕರುಗೆ ಹೊದ್ಸಿದ್ರೆ ಬೆಚ್ಚಗಾಗುತ್ತೆ, ಯಾಕಂದ್ರೆ ಕರು ಒಳಗೆ ಒಲೆ ಉರೀತಿರುತ್ತೆ. ಕಂಬಳಿ ಆ ಕಾವನ್ನ ಹೊರಗೆ ಬಿಡಲ್ಲ ಅಷ್ಟೇ. ಇವನ ಒಳಗೆ ಒಲೆ ಇಲ್ಲ ಅಜ್ಜಿ. ಹೊರಗಿಂದ ಕಾವು ಬಂದ್ರೆ ಮಾತ್ರ ಇವನು ಏಳೋದು, ತಿನ್ನೋದು, ತಿಂದಿದ್ದು ಅರಗೋದು. ತಣ್ಣಗಿರೋನಿಗೆ ಕಂಬಳಿ ಸುತ್ತಿದ್ರೆ ತಣ್ಣಗೇ ಉಳ್ಕೊಳ್ತಾನೆ."

ಅತ್ತೆ ಕಂಬಳಿಯನ್ನು ತಮ್ಮ ಕಡೆಗೆ ಎಳೆದುಕೊಂಡರು. ಅಂಚಿನಲ್ಲಿ ಅಂಟಿದ್ದ ಬಾಳೆಹಣ್ಣಿನ ಕರೆಯನ್ನು ಉಗುರಿನಿಂದ ಕೆರೆಯುತ್ತ, "ಅಂಗಾದ್ರೆ ನಾನೇ..." ಎಂದು ನಿಲ್ಲಿಸಿದರು.

"ಇಲ್ಲಜ್ಜಿ. ಮೇವು ಬಿಟ್ಟಿದಾನೆ, ಮಲ ಹಾಕಿಲ್ಲ ಅಂತ ನೀವು ನೋಡ್ಕೊಂಡ್ರಲ್ಲ, ಎಷ್ಟೋ ಜನ ಅದನ್ನೂ ನೋಡಲ್ಲ. ಇನ್ನೂ ಎದೆಗೆ ಕಫ ಇಳಿದಿಲ್ಲ. ಬೇಗ ಬಂದಿದೀರ."

ನಾನು ಯಜಮಾನರ ಚಳಿಗಾಲದ ನಿದ್ದೆಯ ಮಾತನ್ನು ಕೇಳಿದೆ. ಅದು ಹಿಮ ಬೀಳುವ ದೇಶದ ಆಮೆಗಳ ಕಥೆ, ಇದು ಬಿಸಿಲು ಸೀಮೆಯ ಜಾತಿ, ಇದಕ್ಕೆ ಚಳಿಗಾಲದ ನಿದ್ದೆಯೇ ಇಲ್ಲ ಎಂದರು. ಆಮೇಲೆ "ಮನೇಲಿ ಇವನು ಬಿಸಿಲಿಗೆ ಎಲ್ಲಿ ಕೂರ್ತಾನೆ?" ಎಂದು ಕೇಳಿದರು.

"ಒಗೆಯೋ ಕಲ್ಲಿನ ಪಕ್ಕ" ಎಂದೆ. ಹೇಳಿ ಮುಗಿಸುವ ಮೊದಲೇ ನನಗೆ ಹೊಳೆಯಿತು. ಈ ವರ್ಷ ಪಕ್ಕದ ಸೈಟಿನಲ್ಲಿ ಮೂರಂತಸ್ತಿನ ಮನೆ ಎದ್ದ ಮೇಲೆ, ಚಳಿಗಾಲದ ಓರೆ ಬಿಸಿಲು ನಮ್ಮ ಹಿತ್ತಲಿಗೆ ಬೀಳುತ್ತಲೇ ಇರಲಿಲ್ಲ. ಬಟ್ಟೆ ಒಣಗುತ್ತಿಲ್ಲವೆಂದು ನಾನು ಹಗ್ಗವನ್ನು ಮಹಡಿ ಮೇಲೆ ಕಟ್ಟಿಸಿಯೂ ಆಗಿತ್ತು. ಬಟ್ಟೆಗಳು ಬಿಸಿಲು ಹುಡುಕಿಕೊಂಡು ಮೇಲೆ ಹೋದವು. ಹೋಗಲಾರದವನು ಕೆಳಗೆ ಉಳಿದಿದ್ದ.

ಒಂದು ಸೂಜಿ ಚುಚ್ಚಿ, ಮಾಡಬೇಕಾದದ್ದನ್ನು ಹೇಳಿ ಕಳಿಸಿದರು. ಮೊದಲು ಕಾವು, ಆಮೇಲೆ ನೀರು, ಕೊನೆಗೆ ಮೇವು. ಮೈ ಬೆಚ್ಚಗಾಗುವ ತನಕ ಬಾಯಿಗೆ ಏನನ್ನೂ ತುರುಕಬಾರದು, ತಣ್ಣಗಿನ ಹೊಟ್ಟೆಯಲ್ಲಿ ಅದು ಅರಗದೆ ಕೊಳೆಯುತ್ತದೆ. ಬೆಲ್ಲವಂತೂ ಬೇಡವೇ ಬೇಡ. "ಮಲ ಹಾಕಿದ್ನಾ ನೋಡ್ತಿರಿ. ಹಾಕಿದ ಅಂದ್ರೆ ಒಳಗೆ ಎಲ್ಲಾ ಶುರುವಾಯ್ತು ಅಂತ ಅರ್ಥ. ಒಂದೆರಡು ದಿನದಲ್ಲಿ ಉಸಿರಲ್ಲಿ ಸದ್ದು ಬಂತು, ಬಾಯಿ ತೆಗೆದು ಉಸಿರಾಡಿದ ಅಂದ್ರೆ ತಡ ಮಾಡದೆ ಕರ್ಕೊಂಡ್ಬನ್ನಿ. ಉಳಿಸ್ಕೊಳ್ಳೋದು ಆಮೇಲೆ ಕಷ್ಟ ಆಗುತ್ತೆ."

ಬರುವ ದಾರಿಯಲ್ಲಿ ಅತ್ತೆ ಕೇಳಿದ್ದು ಒಂದೇ ಮಾತು. "ಉಳೀತಾನಾ ಅಂತ ನೀನು ಕೇಳ್ಲೇ ಇಲ್ವಲ್ಲಮ್ಮಿ."

"ನೀವೂ ಕೇಳ್ಲಿಲ್ಲ."

"ಎದ್ರಿಕೆ ಆಯ್ತು" ಎಂದರು.

ಕಾವು ಕೊಡುವ ಬಲ್ಬಿಗಾಗಿ ಯಜಮಾನರು ಪಟ್ಟ ಪಾಡು ಬೇರೆ. ಅಂಗಡಿಗಳಲ್ಲೆಲ್ಲ ಈಗ ಎಲ್‌ಇಡಿ. "ಬಿಸಿಯಾಗೋ ಬಲ್ಬು ಕೊಡಿ" ಎಂದರೆ ನಗುತ್ತಿದ್ದರಂತೆ: "ಸಾರ್, ಬಿಸಿ ಆಗಬಾರ್ದು ಅಂತಾನೇ ಜನ ಇದನ್ನ ತಗೊಳ್ಳೋದು." ಕೊನೆಗೆ ಯಲಹಂಕದ ಹಳೆಯ ಅಂಗಡಿಯೊಂದರಲ್ಲಿ, ಕೋಳಿಮರಿಗಳಿಗೆ ಹಾಕುವ ಬಲ್ಬು ಸಿಕ್ಕಿತು. ಹಳೆಯ ಮರದ ಪೆಟ್ಟಿಗೆಯೊಂದಕ್ಕೆ ಅದನ್ನು ಒಂದು ಬದಿಗೆ, ಎತ್ತರದಲ್ಲಿ ತೂಗುಹಾಕಿ, ಡಾಕ್ಟರಮ್ಮನಿಗೆ ಫೋಟೋ ಕಳಿಸಿ ಒಪ್ಪಿಗೆ ಪಡೆದರು. "ಸಾಹೇಬ್ರಿಗೆ ಹೀಟರ್ ರೂಮು. ನಮಗೆ ಗೀಸರೇ ಕೆಟ್ಟು ಕೂತಿದೆ" ಎಂದು ಗೊಣಗುತ್ತ, ಸಂದಿನಲ್ಲಿ ಕೈ ತೂರಿಸಿ ಕಾವು ಬರುತ್ತಿದೆಯೇ ಎಂದು ಮೂರು ಸಲ ನೋಡಿದರು.

ನೀರಿನ ಕೆಲಸ ಅತ್ತೆಯದಾಯಿತು. ಉಗುರು ಬೆಚ್ಚಗಿನ ನೀರಿನಲ್ಲಿ, ಗಲ್ಲ ಮುಳುಗದಷ್ಟು ಮಟ್ಟದಲ್ಲಿ ಅವನನ್ನು ಸ್ವಲ್ಪ ಹೊತ್ತು ನಿಲ್ಲಿಸಬೇಕಿತ್ತು. ಅಕ್ಕಪಕ್ಕದ ಎಷ್ಟೋ ಎಳೆಗೂಸುಗಳಿಗೆ ಕಾಲು ಚಾಚಿ ನೀರು ಹಾಕಿದವರು ಅತ್ತೆ. ಟಬ್ಬಿನ ಮುಂದೆ ಕೂತು, ಮೊಣಕೈಯನ್ನು ನೀರಿನಲ್ಲಿ ಅದ್ದಿ ಹದ ನೋಡಿದರು. "ವಸಿ ತಣ್ಣೀರ್ ಬೆರ್ಸು. ಊಂ, ಸಾಕು." ಆಮೆಯನ್ನು ಎರಡೂ ಕೈಯಲ್ಲಿ ಇಳಿಸಿದರು. ಎಷ್ಟೋ ಹೊತ್ತಾದ ಮೇಲೆ ಅವನ ಗಂಟಲು ಒಮ್ಮೆ ಮೇಲೆ ಕೆಳಗೆ ಆಡಿತು. ಮತ್ತೊಮ್ಮೆ ಆಡಿತು.

"ಕುಡೀತಾವ್ನೆ" ಎಂದು ಅತ್ತೆ ಪಿಸುಗುಟ್ಟಿದರು, ಜೋರಾಗಿ ಹೇಳಿದರೆ ನಿಲ್ಲಿಸಿಬಿಡುತ್ತಾನೋ ಎಂಬ ಹಾಗೆ.

ಇನ್ನು ಬಿಸಿಲು. ಬಿಸಿಲಿದ್ದದ್ದು ಮಹಡಿಯ ಮೇಲೆ. ಯಜಮಾನರು ಕೆಲಸಕ್ಕೆ ಹೊರಡುವ ಮುಂಚೆ ಅವನನ್ನು ಬುಟ್ಟಿಯಲ್ಲಿ ಹೊತ್ತು ಮೇಲಿಡುವುದು, ನಾನು ಕೈಹೊಲಿಗೆಯ ಕೆಲಸ ಹಿಡಿದು ಕಾವಲು ಕೂರುವುದು. ಕಾಗೆಗಳಿವೆ, ಹದ್ದುಗಳಿವೆ, ಒಬ್ಬನನ್ನೇ ಬಿಡುವಂತಿಲ್ಲ. ಬಿಸಿಲು ಹೆಚ್ಚಾದರೆ ಸರಿದುಕೊಳ್ಳಲೆಂದು ನೀರಿನ ಟ್ಯಾಂಕಿನ ನೆರಳೂ ಇತ್ತು. ಆದರೆ ಅತ್ತೆಯ ಮೊಣಕಾಲುಗಳು ಮಹಡಿ ಮೆಟ್ಟಿಲನ್ನು ಯಾವತ್ತೋ ಬಿಟ್ಟಿದ್ದವು. ಅವರು ಕೆಳಗೆ ಮೊದಲ ಮೆಟ್ಟಿಲ ಮೇಲೆ, ಒಂದು ಕಾಲದ ಕೊಟ್ಟಿಗೆಯ ಜಾಗದಲ್ಲೇ ಕೂತು ಮೇಲಕ್ಕೆ ಕೂಗುತ್ತಿದ್ದರು.

"ಏನ್ ಮಾಡ್ತಾವ್ನೆ?"

"ಕೂತಿದಾನೆ ಅತ್ತೆ."

"ಕತ್ತು ಎಂಗಿಟ್ಟವ್ನೆ?"

"ಸ್ವಲ್ಪ ಮೇಲಿದೆ."

"ವಸಿ ಅಂದ್ರೆ ಎಷ್ಟಮ್ಮಿ? ಸರ್ಯಾಗ್ ಏಳು!"

ನಾನು ಸರಿಯಾಗಿಯೇ ಹೇಳುತ್ತಿದ್ದೆ. ಆದರೆ ಹಸುವನ್ನು ಕಣ್ಣಾರೆ ನೋಡಿ ಗುಣ ಹೇಳುವವರಿಗೆ ಕೇಳಿದ ಮಾತು ಸಾಲುವುದಿಲ್ಲ. ಕತ್ತು ಮೇಲಿದ್ದದ್ದು ನಿಜ, ಕಾಲು ಮುಟ್ಟಿದರೆ ಎಳೆದುಕೊಳ್ಳುತ್ತಿದ್ದ, ಉಸಿರಿನಲ್ಲಿ ಸದ್ದಿರಲಿಲ್ಲ. ಆದರೂ ಅತ್ತೆ ಮತ್ತೆ ಕಿತ್ತು ತರಲು ಶುರು ಮಾಡಿದ್ದ ಗರಿಕೆ, ನಾನು ಇಟ್ಟಲ್ಲೇ ಬಾಡುತ್ತಿತ್ತು. ಮೂಸುವನು, ಮುಖ ತಿರುಗಿಸುವನು.

ಒಂದು ಬೆಳಿಗ್ಗೆ ಕೆಳಗಿನಿಂದ ಕೂಗು ಬರಲಿಲ್ಲ. ಬದಲಿಗೆ ಮೆಟ್ಟಿಲ ಮೇಲೆ ಏನೋ ಎಳೆದಾಡುವ ಸದ್ದು. ಹೋಗಿ ನೋಡಿದರೆ ಅತ್ತೆ! ಕೂತ ಹಾಗೆಯೇ, ಹಿಮ್ಮುಖವಾಗಿ, ಕೈಯೂರಿ ಒಂದೊಂದೇ ಮೆಟ್ಟಿಲು ಏರಿ ಬರುತ್ತಿದ್ದಾರೆ. ಕೊರಳಿಗೆ ಗರಿಕೆಯ ಚೀಲ, ಹೆಗಲ ಮೇಲೆ ಆ ಕಂಬಳಿ.

"ಅಯ್ಯೋ ಅತ್ತೆ! ಬಿದ್ದುಗಿದ್ರೆ ಏನ್ ಗತಿ? ಕರೆದಿದ್ರೆ ನಾನು ಬರ್ತಿರ್ಲಿಲ್ವಾ?"

"ಕರೆದ್ರೆ ನೀನು ಬ್ಯಾಡ ಅಂತಿದ್ದೆ. ಜರುಗು."

ಟ್ಯಾಂಕಿನ ಗೋಡೆಗೆ ಒರಗಿಸಿ ಕೂರಿಸಿದೆ. ಸುಧಾರಿಸಿಕೊಳ್ಳಲು ಬಹಳ ಹೊತ್ತಾಯಿತು. ಕಂಬಳಿ ಅವನಿಗೆ ಬೇಡವಲ್ಲ, ಯಾಕೆ ತಂದಿರಿ ಎಂದು ಕೇಳಿದೆ. "ನಂಗೆ ಕಣಮ್ಮಿ. ನನ್ನೊಳ್ಗೆ ಒಲೆ ಐತಲ್ಲ ಇನ್ನೂ" ಎಂದು ಹೊದ್ದುಕೊಂಡರು. ಆಮೇಲೆ ಚೀಲದಿಂದ ಗರಿಕೆ ತೆಗೆದು, ನಾನು ಇಡುತ್ತಿದ್ದ ಹಾಗೆ ಅವನ ಮುಂದೆ ಗುಡ್ಡೆ ಹಾಕದೆ, ನಾಲ್ಕೇ ಎಳೆಯನ್ನು ಬೆರಳಿನಲ್ಲಿ ಹಿಡಿದು ಅವನ ಮೂಗಿನ ಮುಂದೆ ಅಲ್ಲಾಡಿಸಿದರು. ಬಾಯಲ್ಲಿ ಅದೇ ಹಳೆಯ ಬೈಗುಳ: "ಏನಪ್ಪಾ ಯಜಮಾನ, ನಿಮ್ಮಪ್ಪ ತಂದ್ ಆಕವ್ನಾ? ನಾ ಸೊಂಟ ಮುರ್ಕಂಡ್ ಅತ್ತಿ ಬಂದಿವ್ನಿ. ತಿಂತೀಯೋ ಇಲ್ವೋ?"

ಅವನು ಕತ್ತು ಚಾಚಿದ. ಕಚ್ಚಿದ. ಎಳೆದ. ಒಂದೆಳೆ ಒಳಗೆ ಹೋಯಿತು, ಎರಡನೆಯದೂ ಹೋಯಿತು. ಅತ್ತೆ ನನ್ನ ಕಡೆ ನೋಡಲಿಲ್ಲ, ನಾನೂ ಅವರ ಮುಖ ನೋಡದೆ ಫಾಲ್ಸಿನ ಅಂಚಿಗೆ ಕಣ್ಣು ನೆಟ್ಟೆ. ನಾಲ್ಕು ಹೊಲಿಗೆ ಸೊಟ್ಟ ಬಿದ್ದವು, ಆಮೇಲೆ ಬಿಚ್ಚಿದೆ.

ಅಲ್ಲಿಂದ ಮುಂದೆ ಅತ್ತೆಯನ್ನೂ ಮೇಲೆ ಹತ್ತಿಸುವುದು ದಿನದ ಕೆಲಸವಾಯಿತು. ಒಂದು ರಟ್ಟೆ ನಾನು, ಇನ್ನೊಂದು ಯಜಮಾನರು. "ಮೊದ್ಲು ಸಾಹೇಬ್ರು, ಆಮೇಲೆ ಸಾಹೇಬ್ರ ಅಮ್ಮ" ಎಂದು ಅವರ ತಮಾಷೆ. ಕಾವಲು ಅತ್ತೆಯ ಪಾಲಿಗೆ ಬಂದದ್ದರಿಂದ ನಾನು ಕೆಳಗೆ ಮೆಷಿನ್ನಿಗೆ ಮರಳಿದೆ. ಈಗ ಅತ್ತೆ ಮೇಲೆ, ನಾನು ಕೆಳಗೆ. ಕೂಗುವವಳು ನಾನಾದೆ.

ಸಂಕ್ರಾಂತಿಗೆ ಮುಂಚಿನ ದಿನಗಳು. ಎಳ್ಳು ಬೆಲ್ಲಕ್ಕೆ ಕೊಬ್ಬರಿ ಹೆಚ್ಚುತ್ತಿದ್ದೆ. ಮೇಲಿನಿಂದ ಅತ್ತೆಯ ದನಿ ಅಪ್ಪಳಿಸಿತು. ಪಕ್ಕದ ಮೂರಂತಸ್ತಿನ ಮನೆಯ ಬಾಲ್ಕನಿಯಲ್ಲಿ ಕಾಫಿ ಕುಡಿಯುತ್ತಿದ್ದವರು ಬಗ್ಗಿ ನೋಡುವಷ್ಟು ಜೋರಾಗಿ.

"ಏ ಅಮ್ಮೀ! ಓಡ್ ಬಾರೇ ಮ್ಯಾಕೆ!"

ಕತ್ತಿ ಅಲ್ಲೇ ಬಿಟ್ಟು ಮೆಟ್ಟಿಲು ಹಾರಿಕೊಂಡು ಹೋದೆ. ಅತ್ತೆ ಕಂಬಳಿ ಕೊಡವಿ ಎಸೆದು, ಟ್ಯಾಂಕಿನ ಗೋಡೆ ಹಿಡಿದು ತಾವೇ ಎದ್ದು ನಿಂತಿದ್ದರು. ಒಂದು ಕೈ ನೆಲದ ಕಡೆ ತೋರಿಸುತ್ತಿತ್ತು. ನಾನು ಒಗೆದು ಒಣಹಾಕಿದ್ದ ಬೆಡ್‌ಶೀಟಿನ ತುದಿ ನೆಲಕ್ಕೆ ತಾಗುವ ಜಾಗದಲ್ಲಿ, ಸರಿಯಾಗಿ ಅದರ ಮೇಲೆಯೇ, ನಾರುನಾರಾದ, ಹುಲ್ಲಿನ ಬಣ್ಣದ, ಗಟ್ಟಿ ಲದ್ದಿ.

"ಆಕ್ದ ಕಣೇ!" ಎಂದರು ಅತ್ತೆ, ಕಣ್ಣು ಒರೆಸಿಕೊಳ್ಳುತ್ತ. "ಎಷ್ಟ್ ಚೆನ್ನಾಗ್ ಆಕವ್ನೆ ನೋಡು ನನ್ ಮಗ!"

ಯಜಮಾನ ಆಗಲೇ ಹೊರಟಾಗಿತ್ತು. ಬೆಡ್‌ಶೀಟಿನ ಕೆಳಗೆ ನುಸುಳಿ, ಗರಿಕೆಯ ಚೀಲದ ಕಡೆಗೆ.